ಮಾತಾಡಿಸುವ ಊರು, ಮನೆಗೆ ಕರೆಯದ ಊರು

2019ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಭಾರೀ ಹಿಮ ಬಿತ್ತು. ಆ ಊರಿಗೆ ಜಿಟಿಜಿಟಿ ಮಳೆ ಮಾಮೂಲು, ಅಷ್ಟು ಹಿಮ ಅಪರೂಪ. ನಾವು ಧಾರವಾಡದಿಂದ ಅಲ್ಲಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ಬೆಳಗ್ಗೆ ಮನೆ ಮುಂದಿನ ಏರಿನಲ್ಲಿ ನಮ್ಮ ಕಾರು ಸಿಕ್ಕಿಹಾಕಿಕೊಂಡಿತು. ಚಕ್ರ ಗಿರಗಿರ ತಿರುಗುತ್ತಿದೆ, ಕಾರು ಮಾತ್ರ ಕದಲುತ್ತಿಲ್ಲ. ಎದುರು ಮನೆಯ ಗಂಡ ಹೆಂಡತಿ ಇಬ್ಬರೂ ನಾವು ಕರೆಯದೆಯೇ ಓಡಿ ಬಂದರು. ಗಂಡ ಸಲಿಕೆ ತಂದರು. ಆಕೆ ತಮ್ಮ ಬೆಕ್ಕಿಗೆ ಇಡುವ ಮರಳಿನ ಚೀಲವನ್ನೇ ಹೊತ್ತು ತಂದು ಚಕ್ರದ ಕೆಳಗೆ ಸುರಿದರು. ಮುಕ್ಕಾಲು ಗಂಟೆ ಆ ಚಳಿಯಲ್ಲಿ ನಿಂತು ತಳ್ಳಿದರು. ಕಾರು ಮೇಲೆ ಹತ್ತಿದ ಮೇಲೆ ಆಕೆ ನನ್ನ ಕೈ ಹಿಡಿದು, "ನೀವಿಬ್ಬರೂ ಒಂದಿನ ನಮ್ಮ ಮನೆಗೆ ಊಟಕ್ಕೆ ಬರಲೇಬೇಕು" ಅಂದರು.

ಅವ್ವ ಕಳಿಸಿದ್ದ ಪೇಢೆ ಫ್ರಿಜ್ಜಿನಲ್ಲಿತ್ತು. ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ಅದರಲ್ಲಿ ಒಂದು ಡಬ್ಬಿ ಬೇರೆ ಎತ್ತಿಟ್ಟೆ. ಮೂರು ವಾರ ಕಾದೆ. ಪೇಢೆ ಮೇಲಿನ ಸಕ್ಕರೆ ಒದ್ದೆಯಾಗಿ ಡಬ್ಬಿಯ ತಳಕ್ಕೆ ಅಂಟಿಕೊಂಡಿತು. ಕೊನೆಗೆ ನಾವೇ ತಿಂದೆವು. ಎದುರು ಮನೆಯವರು ಕಂಡಾಗಲೆಲ್ಲ ಕೈ ಬೀಸುತ್ತಿದ್ದರು, ನಗುತ್ತಿದ್ದರು, ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಊಟದ ಮಾತು ಮತ್ತೆ ಬರಲಿಲ್ಲ.

ನಾನು ಏನೋ ತಪ್ಪು ಮಾಡಿರಬೇಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದಕ್ಕೆ ಆ ಊರಿನಲ್ಲಿ ಒಂದು ಹೆಸರೇ ಇದೆ: ಸಿಯಾಟಲ್ ಫ್ರೀಜ್. 2005ರಲ್ಲಿ ಸಿಯಾಟಲ್ ಟೈಮ್ಸ್ ಪತ್ರಿಕೆ ಇದರ ಬಗ್ಗೆ ದೊಡ್ಡ ಲೇಖನ ಬರೆದ ಮೇಲೆ ಆ ಹೆಸರು ಎಲ್ಲರ ಬಾಯಿಗೆ ಬಂತು. ಊರಿನವರು ಸಭ್ಯರು, ನಗುಮುಖದವರು, ಆದರೆ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹೊಸದಾಗಿ ಬಂದವರ ದೂರು ಇದು. ನಾಲ್ಕು ರಸ್ತೆ ಸೇರುವ ಕಡೆ ನಾಲ್ಕೂ ಕಾರಿನವರು ನಿಲ್ಲಿಸಿ "ನೀವು ಮೊದಲು ಹೋಗಿ" ಅಂತ ಒಬ್ಬರಿಗೊಬ್ಬರು ಕೈ ತೋರಿಸುವ ಊರು ಅದು. ಅದೇ ಊರಿನಲ್ಲಿ ಎರಡು ವರ್ಷವಾದರೂ ಒಬ್ಬ ಗೆಳತಿ ಇಲ್ಲ ಅಂತ ಅಳುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬಳಾಗಿದ್ದೆ.

ಇಂಥ ಹೆಸರು ಬರೀ ಸಿಯಾಟಲ್‌ಗಲ್ಲ, ಬಹಳ ಕಡೆ ಇದೆ. ಅಮೆರಿಕದ ಮಿನ್ನೆಸೋಟ ರಾಜ್ಯದವರ ಸೌಜನ್ಯಕ್ಕೆ 'ಮಿನ್ನೆಸೋಟ ನೈಸ್' ಅನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಇದೆ: ಮಿನ್ನೆಸೋಟದವರು ಯಾವ ಜಾಗಕ್ಕೆ ಬೇಕಾದರೂ ದಾರಿ ತೋರಿಸುತ್ತಾರೆ, ತಮ್ಮ ಮನೆಯ ದಾರಿ ಮಾತ್ರ ಹೇಳುವುದಿಲ್ಲ. ನಮ್ಮಲ್ಲೂ ಇದೆ ಅಲ್ವಾ? ನಮ್ಮ ಉತ್ತರ ಕರ್ನಾಟಕದವರ ಮಾತು ಒರಟು, ಮನಸ್ಸು ಬೆಣ್ಣೆ. ಮೈಸೂರಿನವರ ಮಾತು ಮೆತ್ತಗೆ. ಬೆಂಗಳೂರಿನವರಿಗೆ ಪುರುಸೊತ್ತಿಲ್ಲ. ಹೀಗೆ ಪ್ರತಿ ಸೀಮೆಗೂ ಒಂದು ಚೀಟಿ ಅಂಟಿಸಿಟ್ಟಿದ್ದೇವೆ.

ಈ ಚೀಟಿಗಳಲ್ಲಿ ನಿಜ ಎಷ್ಟಿದೆ? ಸ್ವಲ್ಪ ಇದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ 6 ಲಕ್ಷಕ್ಕೂ ಜಾಸ್ತಿ ಜನರ ಸ್ವಭಾವವನ್ನು ಪ್ರಶ್ನಾವಳಿ ಕೊಟ್ಟು ಅಳೆಯಿತು. ಜನರ ಜೊತೆ ಬೇಗ ಬೆರೆಯುವ ಗುಣದಲ್ಲಿ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ 48ನೇ ಸ್ಥಾನದಲ್ಲಿತ್ತು. ಮೊದಲ ಸ್ಥಾನ ನಾರ್ತ್ ಡಕೋಟದ್ದು. ಸಿಯಾಟಲ್ ಸಿಟಿಕ್ಲಬ್ ಎಂಬ ಸಂಸ್ಥೆಯ 2014ರ ವರದಿಯಲ್ಲೂ, ಅಕ್ಕಪಕ್ಕದವರ ಜೊತೆ ಆಗಾಗ ಮಾತಾಡುವ ವಿಷಯದಲ್ಲಿ 50 ನಗರಗಳ ಪೈಕಿ ಸಿಯಾಟಲ್ ಪ್ರದೇಶ 48ನೆಯದು. ಇದನ್ನು ಓದಿದಾಗ ನನಗೆ ಒಂದು ರೀತಿ ಸಮಾಧಾನವಾಗಿತ್ತು. ನೋಡಿ, ತಪ್ಪು ನನ್ನದಲ್ಲ, ಊರಿನದು ಅಂತ.

ಆದರೆ ಸ್ಥಾನದ ಲೆಕ್ಕ ನೋಡುವಾಗ ಒಂದು ಎಚ್ಚರ ಬೇಕು. ಎರಡು ತಾಲ್ಲೂಕುಗಳ ಜನರ ಸರಾಸರಿ ಎತ್ತರದಲ್ಲಿ ಅರ್ಧ ಅಂಗುಲ ವ್ಯತ್ಯಾಸ ಇದೆ ಅಂತಿಟ್ಟುಕೊಳ್ಳಿ. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆಯೇ ನಾಲ್ಕು ಅಂಗುಲ ವ್ಯತ್ಯಾಸ ಇರುತ್ತದೆ. ರಾಜ್ಯಗಳ ಸರಾಸರಿ ಸ್ವಭಾವವೂ ಹೀಗೇ. ಒಂದನೇ ರಾಜ್ಯಕ್ಕೂ 48ನೇ ರಾಜ್ಯಕ್ಕೂ ಇರುವ ಅಂತರ ಚಿಕ್ಕದು. ಒಂದೇ ಬೀದಿಯ ಇಬ್ಬರ ನಡುವಿನ ಅಂತರ ಅದಕ್ಕಿಂತ ಬಹಳ ದೊಡ್ಡದು.

ಇನ್ನೊಂದು ಅಳತೆ ನೋಡಿ. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿದ್ದ ಮನಶ್ಶಾಸ್ತ್ರಜ್ಞ ರಾಬರ್ಟ್ ಲೆವೈನ್ 1990ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಬೀದಿಯಲ್ಲಿ ಒಬ್ಬರು ಬೇಕಂತಲೇ ಪೆನ್ನು ಬೀಳಿಸುವುದು. ಕಾಲಿಗೆ ಪಟ್ಟಿ ಕಟ್ಟಿಕೊಂಡವರು ಕೈಲಿದ್ದ ಪತ್ರಿಕೆಗಳನ್ನು ಚೆಲ್ಲಿ ಎತ್ತಿಕೊಳ್ಳಲು ಒದ್ದಾಡುವುದು. ಕಣ್ಣು ಕಾಣದವರ ಹಾಗೆ ರಸ್ತೆ ದಾಟಲು ನಿಲ್ಲುವುದು. ಎಷ್ಟು ಜನ ನೆರವಿಗೆ ಬರುತ್ತಾರೆ ಅಂತ ಎಣಿಸಿದರು. ಅಮೆರಿಕದ 36 ನಗರಗಳಲ್ಲಿ ನ್ಯೂಯಾರ್ಕ್ ನಗರಕ್ಕೆ ಕೊನೆಯ ಸ್ಥಾನ, ರಾಚೆಸ್ಟರ್‌ಗೆ ಮೊದಲ ಸ್ಥಾನ. ಇವೆರಡೂ ಒಂದೇ ರಾಜ್ಯದ ಊರುಗಳು! ಹಾಗಾದರೆ ಆ ರಾಜ್ಯದವರು ಒಳ್ಳೆಯವರೋ ಕೆಟ್ಟವರೋ? ಲೆವೈನ್ ಅವರಿಗೆ ಕಂಡ ಮುಖ್ಯ ಕಾರಣ ಜನದಟ್ಟಣೆ. ಎಲ್ಲಿ ಜನ ಕಿಕ್ಕಿರಿದು ತುಂಬಿದ್ದಾರೋ ಅಲ್ಲಿ ಪಕ್ಕದವರ ಕಡೆ ಗಮನ ಕಡಿಮೆ. ಆಮೇಲೆ 23 ದೇಶಗಳ ದೊಡ್ಡ ನಗರಗಳಲ್ಲೂ ಇದನ್ನೇ ಮಾಡಿದರು. ಬ್ರೆಜಿಲ್‌ನ ರಿಯೊ ಡಿ ಜನೈರೊ ಮೊದಲು, ಕೌಲಾಲಂಪುರ ಕೊನೆ. ದಟ್ಟಣೆ ಅಂದರೆ ನೆನಪಾಗುವ ನಮ್ಮ ಕೋಲ್ಕತ್ತ ಅದರಲ್ಲಿ ಮೇಲಿನ ಸಾಲಿನಲ್ಲಿತ್ತು. ಅಂದರೆ ದಟ್ಟಣೆಯೊಂದೇ ಕಾರಣ ಅಂತಲೂ ಹೇಳುವ ಹಾಗಿಲ್ಲ.

ನನಗೆ ಇಲ್ಲಿ ಹೊಳೆದ ವಿಷಯ ಬೇರೆ. ಬಿದ್ದ ಪೆನ್ನು ಎತ್ತಿಕೊಡಲು ಹತ್ತು ಸೆಕೆಂಡು ಸಾಕು. ಕಾರು ತಳ್ಳಲು ಮುಕ್ಕಾಲು ಗಂಟೆ ಸಾಕು. ಊರಿನ ಒಳ್ಳೆಯ ಹೆಸರು, ಕೆಟ್ಟ ಹೆಸರು ಎಲ್ಲ ಹುಟ್ಟುವುದು ಈ ಮೊದಲ ಕೆಲವು ನಿಮಿಷಗಳಲ್ಲಿ. ಗುರುತಿಲ್ಲದವರನ್ನು ಹೇಗೆ ಮಾತಾಡಿಸುತ್ತಾರೆ ಅನ್ನುವುದರ ಮೇಲೆ. ಹೊಸದಾಗಿ ಬಂದವರಿಗೆ ಬೇಕಾಗಿರುವುದು ಅದಲ್ಲ. ಜ್ವರ ಬಂದಾಗ ಫೋನ್ ಮಾಡಬಹುದಾದ ಒಬ್ಬರು ಬೇಕು. ಇವೆರಡೂ ಒಂದೇ ಅಂದುಕೊಂಡಿದ್ದರಿಂದಲೇ ನನಗೆ ಅಷ್ಟು ನೋವಾಯಿತು.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತುಗಳಿವೆ. ಮೊದಲು ಮುಖಪರಿಚಯ. ಆಮೇಲೆ ಬಳಕೆ: "ಅವರ ಮನೆಗೂ ನಮ್ಮ ಮನೆಗೂ ಬಳಕೆ ಇದೆ" ಅನ್ನುತ್ತೇವಲ್ಲ, ಅದು. ಅರಿಶಿನ ಕುಂಕುಮಕ್ಕೆ ಕರೆಯುವಷ್ಟು, ಒಂದು ಬಟ್ಟಲು ಸಕ್ಕರೆ ಕೇಳುವಷ್ಟು. ಆಮೇಲೆ ಒಡನಾಟ, ಆಮೇಲೆ ಗೆಳೆತನ. ಎಲ್ಲಕ್ಕೂ ಮೇಲೆ ಸಲುಗೆ. ಸಲುಗೆ ಇರುವವರು ಬಾಗಿಲಲ್ಲಿ ನಿಲ್ಲುವುದಿಲ್ಲ. ಸೀದಾ ಅಡುಗೆಮನೆಗೆ ಬಂದು ಲೋಟ ತೆಗೆದುಕೊಂಡು ನೀರು ಕುಡಿಯುತ್ತಾರೆ. ಎದುರು ಮನೆಯವರು ನನಗೆ ಕೊಟ್ಟಿದ್ದು ಮರ್ಯಾದೆ, ನೆರವು, ನಗು. ನಾನು ಅದರಲ್ಲಿ ಸಲುಗೆ ಹುಡುಕುತ್ತಿದ್ದೆ.

ಈ ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕು? ಇದನ್ನು ಅಳೆದವರಿದ್ದಾರೆ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕಳೆದ ಆರು ತಿಂಗಳಲ್ಲಿ ಊರು ಬದಲಿಸಿದ 355 ಜನರನ್ನು ಆರಿಸಿಕೊಂಡಿದ್ದರು. ಹೊಸ ಊರಿನಲ್ಲಿ ಭೇಟಿಯಾದ ಒಬ್ಬರ ಜೊತೆ ಎಷ್ಟು ಗಂಟೆ ಕಳೆದಿರಿ, ಈಗ ಅವರು ನಿಮಗೆ ಏನಾಗಬೇಕು ಅಂತ ಕೇಳಿದರು. ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳನ್ನೂ ಬೇರೆಯಾಗಿ ಗಮನಿಸಿದರು. ಸಿಕ್ಕ ಲೆಕ್ಕ ಹೀಗಿದೆ. ಬರೀ ಪರಿಚಯದಿಂದ ಸಾಧಾರಣ ಸ್ನೇಹಕ್ಕೆ ಸುಮಾರು 50 ಗಂಟೆ. ಸ್ನೇಹಿತರು ಅಂತ ಧೈರ್ಯವಾಗಿ ಹೇಳಲು 90 ಗಂಟೆ. ಆಪ್ತರಾಗಲು 200 ಗಂಟೆಗೂ ಜಾಸ್ತಿ. ಅದರಲ್ಲೂ ಆಫೀಸಿನಲ್ಲಿ ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗೆ ಬೆಲೆ ಕಡಿಮೆ. ಹರಟೆ ಹೊಡೆದ, ಒಟ್ಟಿಗೆ ಉಂಡ, ಸುಮ್ನೆ ಕೂತ ಗಂಟೆಗಳೇ ಲೆಕ್ಕಕ್ಕೆ ಬರುವುದು.

ಈಗ ಗುಣಾಕಾರ ಮಾಡಿ ನೋಡಿ. ಧಾರವಾಡದ ಹಾಸ್ಟೆಲಿನಲ್ಲಿ ನಾನು ಮತ್ತು ನನ್ನ ಕೋಣೆಯ ಗೆಳತಿ ದಿನಕ್ಕೆ ನಾಲ್ಕು ಗಂಟೆಯಾದರೂ ಹರಟುತ್ತಿದ್ದೆವು. 50 ದಿನಕ್ಕೆ 200 ಗಂಟೆ. ಗಣಪತಿ ಹಬ್ಬದ ಹೊತ್ತಿಗೆ ಸೇರಿದವರು ದೀಪಾವಳಿಗೆ ಜೀವದ ಗೆಳತಿಯರು. ಅದೇ ದೊಡ್ಡವರಾದ ಮೇಲೆ ವಾರಕ್ಕೆ ಎರಡು ಗಂಟೆ ಸಿಕ್ಕರೆ ಪುಣ್ಯ. ಅದೇ 200 ಗಂಟೆಗೆ 100 ವಾರ ಬೇಕು, ಸುಮಾರು ಎರಡು ವರ್ಷ. ತಿಂಗಳಿಗೊಮ್ಮೆ ಸಿಗುವವರಿಗಂತೂ ಎಂಟು ವರ್ಷ. ನಾನು ನಾಲ್ಕು ತಿಂಗಳಿಗೇ ಊರಿನ ಮೇಲೆ ತೀರ್ಪು ಕೊಟ್ಟುಬಿಟ್ಟಿದ್ದೆ.

ಹೊಸ ಊರಿಗೆ ಹೋದವರು ಹಳೇ ಊರಿನ ಜೊತೆ ಹೋಲಿಸುತ್ತಾರೆ. ನಿಜವಾಗಿ ಹೋಲಿಸುತ್ತಿರುವುದು ಎರಡು ಊರುಗಳನ್ನಲ್ಲ, ಎರಡು ವಯಸ್ಸುಗಳನ್ನು. ಧಾರವಾಡದಲ್ಲಿ ನನಗೆ ಗೆಳತಿಯರು ಇದ್ದದ್ದು ಧಾರವಾಡ ಅನ್ನುವ ಕಾರಣಕ್ಕೆ ಮಾತ್ರವಲ್ಲ. ಆಗ ನನಗೆ ಹತ್ತೊಂಬತ್ತು ವರ್ಷ, ಕೈತುಂಬ ಸಮಯ. ಫೋನ್ ಕರೆಗಳ ಲೆಕ್ಕ ಇಟ್ಟು ಮಾಡಿದ 2016ರ ಒಂದು ಅಧ್ಯಯನದ ಪ್ರಕಾರ ನಾವು ಸಂಪರ್ಕದಲ್ಲಿಟ್ಟುಕೊಳ್ಳುವ ಜನರ ಸಂಖ್ಯೆ ಸುಮಾರು 25ನೇ ವಯಸ್ಸಿಗೆ ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆ. ಜನ ಊರು ಬಿಡುವುದು ಬಹುಪಾಲು ಆ ಹೊತ್ತಿಗೇ. ಇಳಿತ ಶುರುವಾಗುವ ಕಾಲಕ್ಕೆ ಊರು ಬದಲಿಸುತ್ತೇವೆ, ಇಳಿತಕ್ಕೆ ಊರನ್ನು ದೂರುತ್ತೇವೆ.

ಹಾಗಂತ ಊರಿಗೂ ಊರಿಗೂ ವ್ಯತ್ಯಾಸವೇ ಇಲ್ಲ ಅಂತಲ್ಲ. ಇದೆ, ಮತ್ತು ಅದರ ಕಾರಣ ಕುತೂಹಲದ್ದು. ಸಿಯಾಟಲ್‌ನಲ್ಲಿ ಕೇಳಿದರೆ ಎಲ್ಲರೂ ಮೊದಲು ಹೇಳುವುದು ಹವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ಮೇಲೆ ಮಳೆ, ಜನ ಮನೆ ಸೇರಿಬಿಡುತ್ತಾರೆ ಅನ್ನುತ್ತಾರೆ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಧಾರವಾಡದಲ್ಲೂ ಶ್ರಾವಣದ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಆ ಮಳೆಯೇ ಜನರನ್ನು ಚಾ ಅಂಗಡಿಯ ತಗಡಿನ ಕೆಳಗೆ ಒಟ್ಟು ಸೇರಿಸುತ್ತದೆ. ಎರಡನೆಯದು, ನಾರ್ವೆ ಸ್ವೀಡನ್ ಕಡೆಯಿಂದ ಬಂದು ಬ್ಯಾಲರ್ಡ್ ಬಡಾವಣೆಯಲ್ಲಿ ನೆಲೆಸಿದ ಮೀನುಗಾರರ ಮಿತಭಾಷೆ ಇಡೀ ಊರಿಗೆ ಬಂತು ಅನ್ನುವ ಮಾತು. ಇರಬಹುದು. ಆದರೆ ಈಗಿನ ಊರಿನಲ್ಲಿ ಅವರ ಮೊಮ್ಮಕ್ಕಳು ಎಷ್ಟು ಜನ? 2010ರಲ್ಲಿ 6.08 ಲಕ್ಷ ಇದ್ದ ಸಿಯಾಟಲ್ ಜನಸಂಖ್ಯೆ 2020ಕ್ಕೆ 7.37 ಲಕ್ಷ ಆಯಿತು. ಹತ್ತೇ ವರ್ಷಕ್ಕೆ ಒಂದೂಕಾಲು ಲಕ್ಷಕ್ಕೂ ಹೆಚ್ಚು. ಅಮೆಜಾನ್, ಮೈಕ್ರೋಸಾಫ್ಟ್ ಅಂತ ಕೆಲಸ ಹುಡುಕಿಕೊಂಡು ಬಂದವರು ಬಹಳ. ಊರಿನವರು ಬೆರೆಯುವುದಿಲ್ಲ ಅಂತ ದೂರುವವರೂ, ದೂರಿಸಿಕೊಳ್ಳುವವರೂ ಎಷ್ಟೋ ಸಲ ಇಬ್ಬರೂ ವಲಸೆ ಬಂದವರೇ.

ಹೆಚ್ಚು ಬೆಳಕು ಕೊಟ್ಟಿದ್ದು ಇನ್ನೊಂದು ವಿಚಾರ. ಜಪಾನಿನ ಮಸಾಕಿ ಯೂಕಿ, ರಾಬರ್ಟ್ ಥಾಮ್ಸನ್ ಮತ್ತು ಜೊತೆಗಾರರು 2018ರಲ್ಲಿ 39 ದೇಶ, ಪ್ರದೇಶಗಳ ಅಧ್ಯಯನ ಪ್ರಕಟಿಸಿದರು. ಒಂದು ಕಡೆ ಹೊಸ ಸಂಬಂಧ ಕಟ್ಟಲು, ಹಳೆಯದನ್ನು ಬಿಡಲು ಎಷ್ಟು ಅವಕಾಶ ಇದೆ ಅನ್ನುವುದನ್ನು ಅವರು ಅಳೆದರು. ಹಿಂದಿನಿಂದ ಭತ್ತ ಬೆಳೆದ ಕಡೆ ಈ ಅವಕಾಶ ಕಡಿಮೆ. ಯಾಕೆ ಅಂದರೆ ಗದ್ದೆಗೆ ನೀರು ಬಿಡುವುದಕ್ಕೂ, ನಾಟಿಗೂ ಅಕ್ಕಪಕ್ಕದವರು ಬೇಕೇ ಬೇಕು. ಅವರ ಜೊತೆ ಮುನಿಸಿಕೊಂಡು ಬೇರೆಯವರನ್ನು ಹುಡುಕಿಕೊಳ್ಳುವ ಹಾಗಿಲ್ಲ. ನಮ್ಮ ಮಲೆನಾಡಿನ, ಕರಾವಳಿಯ 'ಮುಯ್ಯಾಳು' ಪದ್ಧತಿ ನೆನೆಸಿಕೊಂಡರೆ ಇದು ತಕ್ಷಣ ಅರ್ಥವಾಗುತ್ತದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಹುಟ್ಟಿನಿಂದಲೇ ಸಂಬಂಧ ಗಟ್ಟಿ. ಅಪರಿಚಿತರನ್ನು ನಗಿಸಿ ಒಲಿಸಿಕೊಳ್ಳುವ ಅಗತ್ಯ ಅಲ್ಲಿ ಕಡಿಮೆ.

ಜನ ಬಂದು ಹೋಗುವ ಕಡೆ ಇದು ಉಲ್ಟಾ. ಗೆಳೆಯರನ್ನು ಗಳಿಸಬೇಕು, ಉಳಿಸಿಕೊಳ್ಳಬೇಕು. ಹಾಗಾಗಿ ಎಲ್ಲರೂ ಬೇಗ ನಗುತ್ತಾರೆ, ಬೇಗ ಮಾತಿಗೆ ಇಳಿಯುತ್ತಾರೆ. ಅದು ಸುಳ್ಳು ನಗುವಲ್ಲ. ಆದರೆ ಆ ನಗು ಒಂದು ಬಾಗಿಲು ಅಷ್ಟೇ, ಮನೆಯಲ್ಲ. ನಮಗೆ ಹೊರಗಿನ ನಗು ಕಂಡರೆ ಒಳಗೂ ಬಂದೆವು ಅಂತ ಅನಿಸಿಬಿಡುತ್ತದೆ.

ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1936ರಲ್ಲೇ ಇದನ್ನು ಬರೆದಿದ್ದರು. ಅವರೂ ಹೊಸಬರೇ. ಅಮೆರಿಕದವರ ಹೊರಗಿನ ಪದರುಗಳು ಎಲ್ಲರಿಗೂ ತೆರೆದಿರುತ್ತವೆ, ಒಳಗಿನ ಒಂದು ಚಿಕ್ಕ ಭಾಗ ಮಾತ್ರ ಮುಚ್ಚಿರುತ್ತದೆ. ಜರ್ಮನರದು ಹೊರಗೇ ಗಟ್ಟಿ, ಒಳಗೆ ಹೋದರೆ ಪೂರ್ತಿ ತೆರೆದದ್ದು. ನಮ್ಮ ಕಡೆಯ ಹಣ್ಣುಗಳಲ್ಲಿ ಹೇಳುವುದಾದರೆ ಒಂದು ಮಾವಿನ ಹಣ್ಣು, ಇನ್ನೊಂದು ತೆಂಗಿನಕಾಯಿ. ಮಾವು ಬೆರಳಿಟ್ಟರೆ ಮೆತ್ತಗೆ, ಕಚ್ಚುತ್ತಾ ಹೋದರೆ ಓಟೆ ಸಿಗುತ್ತದೆ. ತೆಂಗು ಒಡೆಯುವ ತನಕ ಕಷ್ಟ, ಒಡೆದ ಮೇಲೆ ಕಾಯಿಯೂ ನಿಮ್ಮದು, ನೀರೂ ನಿಮ್ಮದು. ಮಾವಿನ ಸೀಮೆಯವರು ತೆಂಗಿನ ಸೀಮೆಗೆ ಹೋದರೆ "ಇವರು ಮುಖ ಕೊಟ್ಟು ಮಾತಾಡಲ್ಲ" ಅನ್ನುತ್ತಾರೆ. ತೆಂಗಿನವರು ಮಾವಿನ ಸೀಮೆಗೆ ಬಂದರೆ "ಇವರ ಮಾತೆಲ್ಲ ಮೇಲೆ ಮೇಲೆ" ಅನ್ನುತ್ತಾರೆ. ಇಬ್ಬರೂ ಕಂಡಿದ್ದನ್ನೇ ಹೇಳುತ್ತಿದ್ದಾರೆ, ಇಬ್ಬರೂ ಅರ್ಧ ಮಾತ್ರ ಕಂಡಿದ್ದಾರೆ.

ನಮ್ಮ ಮಾತುಗಳೂ ಹೊರಗಿನವರಿಗೆ ಹೀಗೇ ಕೇಳಿಸುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರಿಗೆ "ಊಟ ಆಯ್ತಾ?" ಅನ್ನುತ್ತೇವೆ. ಅದು ಊಟಕ್ಕೆ ಕರೆದದ್ದಲ್ಲ, ನಮಸ್ಕಾರ. "ಬನ್ನಿ ಒಂದ್ಸಲ ಮನೆಗೆ" ಅನ್ನುತ್ತೇವೆ. "ಖಂಡಿತ, ನೀವೂ ಬನ್ನಿ" ಅನ್ನುತ್ತಾರೆ. ಇಬ್ಬರಿಗೂ ಗೊತ್ತು, ಅದು ಒಳ್ಳೆಯ ಮಾತು, ದಿನ ಗೊತ್ತು ಮಾಡಿದ್ದಲ್ಲ. ಪಟ್ನಾದಿಂದಲೋ ಗುವಾಹಟಿಯಿಂದಲೋ ಹೋದ ತಿಂಗಳು ಬಂದವರಿಗೆ ಅದು ಗೊತ್ತಿರುವುದಿಲ್ಲ. ಅವರೂ ಯಾವುದೋ ಮಿಠಾಯಿ ಡಬ್ಬಿ ಎತ್ತಿಟ್ಟುಕೊಂಡು ಕಾಯುತ್ತಿರಬಹುದು. ನನ್ನ ಎದುರು ಮನೆಯಾಕೆ ಹೇಳಿದ್ದೂ ಅಂಥದೇ ಮಾತು ಅಂತ ನನಗೆ ಹೊಳೆಯಲು ವರ್ಷ ಹಿಡಿಯಿತು.

ಅಮೆರಿಕದ ಕನ್ನಡಿಗರ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ಅಲ್ಲಿಗೆ ಹೋಗಿ ಒಂದು ತಿಂಗಳೊಳಗೆ ಹತ್ತು ಕನ್ನಡ ಕುಟುಂಬಗಳ ಪರಿಚಯವಾಯಿತು. ಕನ್ನಡ ಸಂಘದ ರಾಜ್ಯೋತ್ಸವ, ಯುಗಾದಿ, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಮನೆಮನೆಯ ಪಾಟ್‌ಲಕ್. ಅವರಿಲ್ಲದಿದ್ದರೆ ಆ ಮೊದಲ ಚಳಿಗಾಲ ನಾನು ಕಳೆಯುತ್ತಿರಲಿಲ್ಲ. ನನ್ನದು ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾ, ಕೆಲಸ ಮಾಡುವ ಹಾಗಿರಲಿಲ್ಲ. ಆಫೀಸು ಇಲ್ಲ, ಸಹೋದ್ಯೋಗಿಗಳಿಲ್ಲ. ಅವ್ವ ಫೋನಿನಲ್ಲಿ "ಯಾರರ ಗೆಳತ್ಯಾರ ಆದ್ರೇನ ಅಲ್ಲೆ?" ಅಂತ ವಾರ ವಾರ ಕೇಳುತ್ತಿದ್ದಳು.

ಒಂದು ಯುಗಾದಿಗೆ ನಮ್ಮಲ್ಲೊಬ್ಬರು ತಮ್ಮ ಆಫೀಸಿನ ಒಬ್ಬ ಹೆಂಗಸನ್ನು ಕರೆತಂದರು. ಆಕೆ ಓಹಾಯೊದಿಂದ ಆಗಷ್ಟೇ ಬಂದವರು. ಎಲ್ಲರೂ ಪ್ರೀತಿಯಿಂದಲೇ ಬರಮಾಡಿಕೊಂಡೆವು, ಹೋಳಿಗೆ ಬಡಿಸಿದೆವು, ತುಪ್ಪ ಹಾಕಿದೆವು. ಹತ್ತು ನಿಮಿಷಕ್ಕೆ ಮಾತು ಕನ್ನಡಕ್ಕೆ ತಿರುಗಿತು. ದಾವಣಗೆರೆಯ ಬೆಣ್ಣೆದೋಸೆ, ಯಾರದೋ ಮದುವೆ, ಊರಿನ ಬಸ್‌ಸ್ಟ್ಯಾಂಡು. ಆಕೆ ಪೇಪರ್ ತಟ್ಟೆ ಹಿಡಿದುಕೊಂಡು, ಎಲ್ಲರೂ ನಕ್ಕಾಗ ತಾವೂ ನಗುತ್ತಾ ಕೂತಿದ್ದರು. ಒಂಬತ್ತಕ್ಕೆ ಎದ್ದು, ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಹೋದರು. ಮತ್ತೆ ಬರಲಿಲ್ಲ. ಆಕೆ ಊರಿಗೆ ಫೋನ್ ಮಾಡಿ ಸಿಯಾಟಲ್ ಬಗ್ಗೆ ಏನು ಹೇಳಿರಬಹುದು? ಆ ರಾತ್ರಿ ಪಾತ್ರೆ ತೊಳೆಯುವಾಗ ನನಗೆ ಅದೇ ಯೋಚನೆ. ಆಕೆಯ ಪಾಲಿನ ಸಿಯಾಟಲ್ ನಾವೇ ಆಗಿದ್ದೆವು. ನಮ್ಮಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ನಮ್ಮ ಕೈ ತುಂಬಿತ್ತು ಅಷ್ಟೇ.

ಎದುರು ಮನೆಯವರದೂ ಇದೇ ಇರಬೇಕು. ಇಪ್ಪತ್ತು ವರ್ಷದಿಂದ ಅದೇ ಬೀದಿ, ಅವರವರ ಅಣ್ಣತಮ್ಮಂದಿರು, ಹಳೇ ಗೆಳೆಯರು, ವಾರಕ್ಕೆ ಇರುವುದು ಎರಡೇ ಬಿಡುವಿನ ದಿನ. ಸ್ನೇಹಕ್ಕೆ ಜಾಗ ಖಾಲಿ ಇರುವುದು ಇನ್ನೊಬ್ಬ ಹೊಸಬರ ಹತ್ತಿರವೇ. ಆದರೆ ಹೊಸಬರು ನಿಲ್ಲುವುದಿಲ್ಲ. ಎಚ್-1ಬಿ ವೀಸಾದವರ ಕೆಲಸ ಹೋದರೆ 60 ದಿನದೊಳಗೆ ಬೇರೆ ಕೆಲಸವೋ ಬೇರೆ ದಾರಿಯೋ ನೋಡಿಕೊಳ್ಳಬೇಕು, ಇಲ್ಲ ದೇಶ ಬಿಡಬೇಕು. ನಮ್ಮ ಹತ್ತು ಕುಟುಂಬಗಳಲ್ಲಿ ಎರಡು ಹೀಗೇ ಹೋದವು. ಒಂದು ಮನೆಯ ತುಳಸಿ ಗಿಡ ಈಗಲೂ ನಮ್ಮ ಕಿಟಕಿಯಲ್ಲಿದೆ. ಯಾರು ಎಷ್ಟು ದಿನ ಇರುತ್ತಾರೋ ಗೊತ್ತಿಲ್ಲದ ಕಡೆ 200 ಗಂಟೆ ಯಾರ ಮೇಲೆ ಹಾಕಬೇಕು ಅನ್ನುವ ಅಳುಕು ಎಲ್ಲರಿಗೂ ಇರುತ್ತದೆ.

ಹಾಗಾದರೆ ಆ ಗಂಟೆಗಳು ಕೂಡುವುದು ಎಲ್ಲಿ? 1950ರಲ್ಲಿ ಪ್ರಕಟವಾದ ಒಂದು ಹಳೇ ಅಧ್ಯಯನ ಇದಕ್ಕೆ ಇವತ್ತಿಗೂ ಒಳ್ಳೆಯ ಉತ್ತರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮದುವೆಯಾದ ವಿದ್ಯಾರ್ಥಿಗಳಿಗೆ ವೆಸ್ಟ್‌ಗೇಟ್ ಅನ್ನುವ ವಸತಿ ಕಟ್ಟಿದ್ದರು. ಬಹುಪಾಲು ಜನರಿಗೆ ಮೊದಲಿನ ಪರಿಚಯವಿಲ್ಲ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಇಬ್ಬರು ಜೊತೆಗಾರರು ಅಲ್ಲಿ ಯಾರು ಯಾರ ಗೆಳೆಯರಾದರು ಅಂತ ಪತ್ತೆ ಹಚ್ಚಿದರು. ಪಕ್ಕದ ಬಾಗಿಲಿನವರನ್ನು ಗೆಳೆಯರು ಅಂದವರು 41 ಶೇಕಡ. ಅದೇ ಮಹಡಿಯ ಆ ತುದಿಯವರನ್ನು ಅಂದವರು ಬರೀ 10 ಶೇಕಡ. ಮಧ್ಯೆ ಮೂರು ಬಾಗಿಲು ಅಷ್ಟೇ! ಇನ್ನೊಂದು ವಿಷಯ: ಮೆಟ್ಟಿಲ ಬುಡದ, ಟಪಾಲು ಡಬ್ಬಿಗಳ ಹತ್ತಿರದ ಮನೆಯವರಿಗೆ ಮೇಲಿನ ಮಹಡಿಯ ಗೆಳೆಯರು ಜಾಸ್ತಿ. ಎಲ್ಲರೂ ಅಲ್ಲೇ ಹಾದು ಹೋಗಬೇಕಲ್ಲ, ಹೋಗುವಾಗ ಎರಡು ಮಾತು. ಸ್ವಭಾವ, ಜಾಣತನ ಇವೆಲ್ಲ ಆಮೇಲೆ. ಮೊದಲು ಬೇಕಾದದ್ದು ಮತ್ತೆ ಮತ್ತೆ ಕಣ್ಣಿಗೆ ಬೀಳುವುದು.

ನಮ್ಮ ಓಣಿಯ ನಳ, ಹಿಟ್ಟಿನ ಗಿರಣಿ, ಗುಡಿಯ ಕಟ್ಟೆ ಮಾಡುತ್ತಿದ್ದ ಕೆಲಸ ಇದೇ. ನಳದ ಮುಂದೆ ಕೊಡ ಇಟ್ಟುಕೊಂಡು ದಿನಾ ಅರ್ಧ ಗಂಟೆ ನಿಲ್ಲುತ್ತಿದ್ದೆವು. ಆಗ ಅದು ರಗಳೆ ಅನಿಸುತ್ತಿತ್ತು. ಧಾರವಾಡದವರು ಒಳ್ಳೆಯವರು ಅನ್ನುವ ಹೆಸರಿನಲ್ಲಿ ಆ ನಳದ ಪಾಲು ಎಷ್ಟಿದೆಯೋ ಅಂತ ಈಗ ಅನಿಸುತ್ತದೆ. ಮನೆಯೊಳಗೇ ನೀರು ಬರುವ, ಗ್ಯಾರೇಜಿನಿಂದಲೇ ಕಾರು ಹತ್ತಿ ಹೋಗುವ ಬೀದಿಯಲ್ಲಿ ಎಷ್ಟೇ ಒಳ್ಳೆಯವರಿದ್ದರೂ ಗಂಟೆಗಳು ಕೂಡುವುದಿಲ್ಲ.

ನನಗೆ ಸಿಯಾಟಲ್‌ನಲ್ಲಿ ಸಿಕ್ಕ ನಳ ಒಂದು ತೋಟದಲ್ಲಿತ್ತು. ಆ ಊರಿನಲ್ಲಿ ನಗರಾಡಳಿತವೇ ನಡೆಸುವ ಪಿ-ಪ್ಯಾಚ್ ಅನ್ನುವ ಸಮುದಾಯ ತೋಟಗಳಿವೆ. ಪಿಕಾರ್ಡೊ ಅನ್ನುವ ಕುಟುಂಬದ ಜಮೀನಿನಲ್ಲಿ 1973ರಲ್ಲಿ ಶುರುವಾದದ್ದರಿಂದ ಆ 'ಪಿ'. ಹೆಸರು ಬರೆಸಿ ಕಾದರೆ ಒಂದು ತುಂಡು ಮಡಿ ಸಿಗುತ್ತದೆ. ಬೆಳೆದದ್ದನ್ನು ಮಾರುವ ಹಾಗಿಲ್ಲ. ಎಲ್ಲರಿಗೂ ಸೇರಿದ ಕೆಲಸಕ್ಕೆ ವರ್ಷದಲ್ಲಿ ಕೆಲವು ಗಂಟೆ ದುಡಿಯಲೇಬೇಕು. ನನಗೆ 2021ರ ವಸಂತದಲ್ಲಿ ಸಿಕ್ಕಿತು. ಮೆಂತ್ಯ, ಕೊತ್ತಂಬರಿ, ಹಸಿಮೆಣಸು ಹಾಕಿದೆ. ಪಕ್ಕದ ಮಡಿ ಒಬ್ಬ ನಿವೃತ್ತ ಟೀಚರದ್ದು. ನೀರಿನ ಪೈಪು ಇಬ್ಬರಿಗೂ ಒಂದೇ. ಒಬ್ಬರು ಬಿಡುವಾಗ ಇನ್ನೊಬ್ಬರು ಕಾಯಬೇಕು.

ಮೊದಲ ಬೇಸಿಗೆ ನಮ್ಮ ಮಾತು ಬಸವನಹುಳುಗಳ ಬಗ್ಗೆ ಮಾತ್ರ. ಶನಿವಾರ ಬೆಳಗ್ಗೆ ಎರಡು ಗಂಟೆ, ಏಪ್ರಿಲ್‌ನಿಂದ ಅಕ್ಟೋಬರ್ ತನಕ. ಆಮೇಲೆ ಹಾಲ್ ಅವರ ಲೆಕ್ಕ ಓದಿದಾಗ ಕೂಡಿ ನೋಡಿದೆ. ಒಂದು ಬೇಸಿಗೆಗೆ 55 ಗಂಟೆ ಚಿಲ್ಲರೆ. ಎರಡನೇ ವರ್ಷ ಅವರು ತಮ್ಮ ಮಗನ ವಿಷಯ ಹೇಳಿದರು, ನಾನು ಅಪ್ಪ ಹೋದ ವಿಷಯ ಹೇಳಿದೆ. ಲೆಕ್ಕ ನನಗೆ ಮೊದಲೇ ಗೊತ್ತಿದ್ದರೆ ಮೊದಲ ವರ್ಷ ಅಷ್ಟು ಬೇಸರ ಪಡುತ್ತಿರಲಿಲ್ಲ.

ಎದುರು ಮನೆಯವರನ್ನೂ ಕೊನೆಗೆ ನಾನೇ ಕರೆದೆ. "ಒಂದಿನ ಬನ್ನಿ" ಅನ್ನಲಿಲ್ಲ. "ಈ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಊಟಕ್ಕೆ ಬನ್ನಿ, ಖಾರ ಕಡಿಮೆ ಹಾಕಿರುತ್ತೇನೆ" ಅಂದೆ. ಬಂದರು. ಊಟದ ಮಧ್ಯೆ ಆಕೆ, "ನಿಮ್ಮ ಮನೆ ಮುಂದೆ ಯಾವಾಗಲೂ ನಿಮ್ಮವರ ಕಾರುಗಳಿರುತ್ತವೆ. ನಾವು ಕರೆದರೆ ನಿಮಗೆ ತೊಂದರೆ ಅಂದುಕೊಂಡಿದ್ದೆವು" ಅಂದರು. ನಾನು ಅವರಿಗೆ ನಾವು ಬೇಡ ಅಂದುಕೊಂಡಿದ್ದೆ. ಇದಕ್ಕೂ ಒಂದು ಹೆಸರಿದೆಯಂತೆ: ಲೈಕಿಂಗ್ ಗ್ಯಾಪ್. 2018ರಲ್ಲಿ ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್‌ಬಿ ಮತ್ತು ಜೊತೆಗಾರರು ತೋರಿಸಿದ ಹಾಗೆ, ಹೊಸಬರ ಜೊತೆ ಮಾತಾಡಿ ಎದ್ದ ಮೇಲೆ ಅವರಿಗೆ ನಾವು ಎಷ್ಟು ಹಿಡಿಸಿದೆವು ಅನ್ನುವುದನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. ಒಂದೇ ಕಡೆ ವಾಸಿಸುವ ವಿದ್ಯಾರ್ಥಿಗಳಲ್ಲೂ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿಯುತ್ತದೆ. ಎದುರು ಮನೆಯವರು ನಮಗೆ ಆಪ್ತರಾಗಲಿಲ್ಲ. ಬಳಕೆ ಬೆಳೆಯಿತು. ಅವರು ಊರಿಗೆ ಹೋದಾಗ ಬೆಕ್ಕಿಗೆ ಊಟ ಹಾಕುವುದು ನಾನು, ನಾವು ಧಾರವಾಡಕ್ಕೆ ಬಂದಾಗ ತುಳಸಿಗೆ ನೀರು ಹಾಕುವುದು ಅವರು. ಅದೂ ದೊಡ್ಡದೇ.

ಟೀಚರಮ್ಮ ಹೋದ ಡಿಸೆಂಬರಿನಲ್ಲಿ ಮನೆಗೆ ಬಂದಿದ್ದರು. ತೋಟ ಮುಚ್ಚುವ ಚಳಿಗಾಲದಲ್ಲಿ ಶನಿವಾರದ ಭೇಟಿ ತಪ್ಪಬಾರದು ಅಂತ ಒಂದು ವಾರ ಅವರ ಮನೆ, ಒಂದು ವಾರ ನಮ್ಮ ಮನೆ ಅಂತ ಮಾಡಿಕೊಂಡಿದ್ದೇವೆ. ಹೊರಗೆ ಆಗಲೇ ಕತ್ತಲು. ನಾನು ಒಲೆ ಮುಂದೆ ರೊಟ್ಟಿ ಬೇಯಿಸುತ್ತಿದ್ದೆ. ಅವರು ಕೋಟು ಕುರ್ಚಿಯ ಮೇಲೆ ಹಾಕಿ, ಸೀದಾ ಒಳಗೆ ಬಂದು, ಮೇಲಿನ ಕಪಾಟು ತೆಗೆದು ಲೋಟ ಹುಡುಕತೊಡಗಿದರು. ನಾನು ತಿರುಗಿ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವುತ್ತಾ "ಎಡಗಡೆ" ಅಂದೆ.